ದೊಡ್ಡಮ್ಮ ಸುರಿದ ಒಂದು ಕೊಡ ನೀರು

ಅನಾಹುತಕ್ಕೆ ಕಾರಣ ದೊಡ್ಡಮ್ಮನ ಒಳ್ಳೆಯ ಮನಸ್ಸು. ಕೆಟ್ಟ ಮನಸ್ಸಿನವರು ಮಾಡಿದ ಅನಾಹುತವಾದರೆ ನಾಲ್ಕು ಮಾತು ಬೈದು ಸಮಾಧಾನ ಮಾಡಿಕೊಳ್ಳಬಹುದು. ಒಳ್ಳೆಯ ಮನಸ್ಸಿನವರು ಮಾಡಿದ್ದಕ್ಕೆ ಬೈಯುವುದಕ್ಕೂ ಬಾಯಿ ಬರುವುದಿಲ್ಲ, ಹೊಟ್ಟೆಯೊಳಗೇ ಇಟ್ಟುಕೊಂಡು ಬೇಯಬೇಕು.

ಬೆಳಿಗ್ಗೆ ಎದ್ದು ಹಿತ್ತಲಿಗೆ ಬಂದ ದೊಡ್ಡಮ್ಮ ಎಂದಿನಂತೆ ಬೇಲಿಯಾಚೆ ಕಣ್ಣು ಹಾಯಿಸಿದರು. ಆಚೆ ಇರುವುದು ಸಂಶೋಧನಾ ಹೊಲ. ಮೊಣಕಾಲೆತ್ತರದ ಸೂರ್ಯಕಾಂತಿ ಗಿಡಗಳು ಎಲೆ ಜೋಲು ಬಿಟ್ಟುಕೊಂಡು, ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿದ್ದವು. ಇಡೀ ಹೊಲದ್ದೇ ಆ ಪಾಡು. ಆದರೆ ಬೇಲಿಗೆ ಹತ್ತಿರದಲ್ಲಿ ಒಂದು ದೊಡ್ಡ ಕಬ್ಬಿಣದ ಬಳೆಯೊಳಗೆ ಕೆಲವು ಗಿಡಗಳಿದ್ದವಲ್ಲ, ಅವನ್ನು ಕಂಡರೆ ದೊಡ್ಡಮ್ಮನಿಗೆ ಕರುಳು ಚುರ್ ಎನ್ನುತ್ತಿತ್ತು. ಹೊರಗಿನ ಗಿಡಗಳಾದರೂ ಬೇರು ಬಿಟ್ಟುಕೊಂಡು ಎಲ್ಲಾದರೂ ನೀರು ಹುಡುಕಿಕೊಂಡಾವು, ಕೂಡಿ ಹಾಕಿದ ಈ ಕೂಸುಗಳು ಎಲ್ಲಿಗೆ ಹೋದಾವು? ದೊಡ್ಡಮ್ಮ ಸೆರಗು ಸಿಕ್ಕಿಸಿದರು, ಬೇಲಿ ಸಂದಿಯಲ್ಲಿ ನುಸುಳಿದರು, ಒಂದು ತುಂಬಿದ ಕೊಡವನ್ನು ಗಿಡಗಳ ಬುಡಕ್ಕೆ ನಿಧಾನವಾಗಿ ಸುರಿದು, ಬಂದ ದಾರಿಯಲ್ಲೇ ಹೋಗಿ ಕಾಫಿ ಕುಡಿದರು. ಆ ದಿನದ ಕಾಫಿ ಅವರಿಗೆ ಬಹಳ ರುಚಿಯಾಗಿತ್ತಂತೆ.

ಅದೇ ಹೊತ್ತಿಗೆ ಹೊಲದಂಚಿನ ಕೋಣೆಯಲ್ಲಿ ಹಲ್ಲುಜ್ಜುತ್ತಾ ಕಂಪ್ಯೂಟರಿನ ಪರದೆ ನೋಡಿದ ತೊಟ್ಟಿಯಪ್ಪ ಬ್ರಷ್ ನುಂಗುವುದೊಂದು ಬಾಕಿ.

ತೊಟ್ಟಿಯಪ್ಪ ಎನ್ನುವುದು ಓಣಿಯವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಸಂಬಳದ ಚೀಟಿಯ ಮೇಲಲ್ಲದೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಓಣಿಯವರು ಹಾಗೆ ಕರೆಯಲು ಕಾರಣ, ಆ ಕಬ್ಬಿಣದ ಬಳೆ ಬರೀ ಬಳೆಯಲ್ಲ, ನೆಲದೊಳಗೆ ಹೂತ ದೊಡ್ಡ ತೊಟ್ಟಿಯ ಅಂಚು. ತೊಟ್ಟಿಯ ತುಂಬ ಮಣ್ಣು, ಮಣ್ಣಿನಲ್ಲಿ ಗಿಡ, ತಳದಲ್ಲಿ ತೂಕದ ಯಂತ್ರ. ಗಿಡ ನೀರು ಕುಡಿದು ಎಲೆಯಿಂದ ಗಾಳಿಗೆ ಬಿಟ್ಟಷ್ಟೂ ತೊಟ್ಟಿ ಹಗುರವಾಗುತ್ತದೆ. ಎಷ್ಟು ಹಗುರವಾಯಿತೋ ಅಷ್ಟು ನೀರನ್ನು ಬೆಳೆ ಬಳಸಿತು ಎಂದು ಲೆಕ್ಕ. ಆ ತೂಕ ಕೋಣೆಯ ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ. ಆ ಗೆರೆಯನ್ನು ಕಾಯುವುದೇ ತೊಟ್ಟಿಯಪ್ಪನ ನೌಕರಿ. ದನ ಕಾಯುವವರಿದ್ದಾರೆ, ಮನೆ ಕಾಯುವವರಿದ್ದಾರೆ, ಗೆರೆ ಕಾಯುವವನನ್ನು ಆ ಓಣಿ ಮೊದಲ ಸಲ ಕಂಡಿತ್ತು.

ನೀರು ನಿಲ್ಲಿಸಿದರೆ ಬೆಳೆ ಹೇಗೆ ಸುಧಾರಿಸಿಕೊಳ್ಳುತ್ತದೆ ಎಂದು ತಿಳಿಯುವುದಕ್ಕೆ ಒಂದು ವಾರದಿಂದ ಹೊಲಕ್ಕೆ ಹನಿ ನೀರು ಬಿಟ್ಟಿರಲಿಲ್ಲ. ವಾರವಿಡೀ ಗೆರೆ ಹಗಲಲ್ಲಿ ಇಳಿದು, ರಾತ್ರಿ ಸುಮ್ಮನೆ ಮಲಗಿ, ಮತ್ತೆ ಹಗಲಲ್ಲಿ ಇಳಿದು, ಮಕ್ಕಳ ಜಾರುಬಂಡೆಯಷ್ಟು ನುಣುಪಾಗಿತ್ತು. ಇವತ್ತು ಸಂಜೆ ಅದನ್ನು ನೋಡುವುದಕ್ಕೆ ಮುಖ್ಯ ಕಚೇರಿಯಿಂದ ಮೇಡಂ ಬರುವವರಿದ್ದರು.

ಮೇಡಂ ಬರುವುದು ತೊಟ್ಟಿಯಪ್ಪನಿಗೆ ಬರೀ ಗೆರೆಯ ಮಾತಾಗಿರಲಿಲ್ಲ. ಮುಖ್ಯ ಕಚೇರಿಯಲ್ಲಿ ಕುರ್ಚಿ ಖಾಲಿಯಿದೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಮುಖ್ಯ ಕಚೇರಿ ಇರುವ ಪಟ್ಟಣದಲ್ಲೇ ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಅಲ್ಲೇ ಅವನ ಪುಟ್ಟ ಮಗಳು ಒಂದನೇ ಕ್ಲಾಸು. ಇವನು ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದ. ಮೊನ್ನೆ ಶಾಲೆಯಲ್ಲಿ ಅಪ್ಪನ ಬಗ್ಗೆ ಹೇಳು ಎಂದಾಗ ಮಗಳು, “ನಮ್ಮಪ್ಪ ಭಾನುವಾರದ ಅಪ್ಪ” ಎಂದಿದ್ದಳಂತೆ. ಇದನ್ನು ಹೇಳುವಾಗ ಹೆಂಡತಿ ಫೋನಿನಲ್ಲಿ ನಕ್ಕಿದ್ದಳು. ಇವನೂ ನಕ್ಕು, ಫೋನಿಟ್ಟ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳನ್ನು ಎಣಿಸಿದ್ದ. ನುಣುಪಾದ ಗೆರೆ ತೋರಿಸಿ ಆ ಕುರ್ಚಿ ಗಿಟ್ಟಿಸಿಕೊಳ್ಳುವುದು, ಬೆಳಿಗ್ಗೆ ಮಗಳ ಕೈ ಹಿಡಿದು ಶಾಲೆಗೆ ಬಿಡುವುದು. ಅವನ ಆಸೆಯೆಲ್ಲ ಅಷ್ಟೇ.

ಪೈಪೋಟಿಗೂ ಯಾರೂ ಇರಲಿಲ್ಲ. ಇಂಥದೇ ತೊಟ್ಟಿ ಇನ್ನೊಂದು ಹೊಲದಲ್ಲೂ ಇತ್ತು, ಅದನ್ನು ಕಾಯುವವನು ಒಂದು ಮಧ್ಯಾಹ್ನ ನಿದ್ದೆ ಹೊಡೆಯುತ್ತಿದ್ದಾಗ ಮೇಕೆಗಳು ತೊಟ್ಟಿಯ ಬೆಳೆಯನ್ನೆಲ್ಲ ಮೇಯ್ದು ಅದರ ಮೇಲೆಯೇ ಮಲಗಿಬಿಟ್ಟಿದ್ದವು. ಅಂದಿನಿಂದ ಅವನಿಗೆ ಮೇಕೆ ಮಹಾಶಯ ಎಂದು ಹೆಸರು. ಆ ಹೆಸರಿಟ್ಟದ್ದು ತೊಟ್ಟಿಯಪ್ಪನೇ. ಎಲ್ಲರಿಗಿಂತ ಹೆಚ್ಚು ನಕ್ಕದ್ದೂ ಅವನೇ.

ಈಗ ಅವನ ಗೆರೆ ಜಾರುಬಂಡೆಯ ಕೊನೆಗೆ ಬಂದು ಠಪ್ಪನೆ ಮೇಲಕ್ಕೆ ನೆಗೆದಿತ್ತು.

“ಮಳೆ ಬಂತಾ?” ಎಂದುಕೊಂಡ. ಆಕಾಶ ಒರೆಸಿಟ್ಟ ತಟ್ಟೆಯ ಹಾಗಿತ್ತು. ಬಾಯಿಯ ನೊರೆಯನ್ನೂ ಉಗುಳದೆ ಓಡಿದ. ತೊಟ್ಟಿಯ ಮಣ್ಣು ಒದ್ದೆಯಾಗಿತ್ತು. ಬೇಲಿಯವರೆಗೆ ಬರಿಗಾಲಿನ ಹೆಜ್ಜೆಗಳಿದ್ದವು. ಬೇಲಿಯಾಚೆ ದೊಡ್ಡಮ್ಮ ಲೋಟ ತೊಳೆಯುತ್ತಿದ್ದರು.

“ದೊಡ್ಡಮ್ಮಾ, ಇಲ್ಲಿಗೆ ಯಾರಾದ್ರೂ ಬಂದಿದ್ರಾ?”

“ಯಾರೂ ಇಲ್ಲಪ್ಪ. ನಾನೇ ಬಂದಿದ್ದೆ.”

“ನೀರು ಹಾಕಿದ್ರಾ?”

“ಇನ್ನೇನು ಮಾಡ್ಲಿ? ನೀನಂತೂ ಹಾಕಲ್ಲ. ವಾರದಿಂದ ನೋಡ್ತಾ ಇದ್ದೀನಿ, ಬರ್ತೀಯ, ನಿಂತು ನೋಡ್ತೀಯ, ಹೋಗ್ತೀಯ. ನಿನ್ನ ಮಗಳಿಗೂ ಹೀಗೇ ಮಾಡ್ತೀಯಾ?”

“ಅಯ್ಯೋ, ನೀರು ಹಾಕಬಾರ್ದು ಅಂತಲೇ ನನಗೆ ಸಂಬಳ ಕೊಡೋದು ದೊಡ್ಡಮ್ಮ!”

ದೊಡ್ಡಮ್ಮ ಲೋಟ ಕೆಳಗಿಟ್ಟರು. “ಗಿಡಕ್ಕೆ ನೀರು ಹಾಕದೇ ಇರೋಕೆ ಸಂಬಳನಾ? ಹಾಗಾದ್ರೆ ಈ ಓಣಿಯಲ್ಲಿ ಎಲ್ಲರಿಗೂ ಕೊಡಬೇಕಲ್ಲಪ್ಪ.”

ತೊಟ್ಟಿಯಪ್ಪ ವಿಷಯವನ್ನೆಲ್ಲ ಬಿಡಿಸಿ ಹೇಳಿದ. ಕುರ್ಚಿಯ ಮಾತು ಬಂದಾಗ ದೊಡ್ಡಮ್ಮನ ಮುಖ ಸಣ್ಣದಾಯಿತು, ಮಗಳ ಮಾತು ಬಂದಾಗ ಕಣ್ಣು ಒದ್ದೆಯಾಯಿತು. “ಒಂದೇ ಒಂದು ಕೊಡ ಕಣಪ್ಪ,” ಎಂದರು ಸಣ್ಣ ದನಿಯಲ್ಲಿ. “ಆಚೆ ತೆಗೆಯೋಕಾಗಲ್ವಾ?”

ತೊಟ್ಟಿಯಪ್ಪ ಕೋಣೆಗೆ ಬಂದು ಹೆಂಡತಿಗೆ ಫೋನು ಮಾಡಿದ. ಆಕೆ ಡ್ಯೂಟಿಗೆ ಹೊರಟಿದ್ದಳು.

“ಇದಕ್ಕೆ ಯಾಕ್ರೀ ಇಷ್ಟೊಂದು ಒದ್ದಾಡ್ತೀರಾ? ಮೇಡಂ ಬಂದಾಗ ನಡೆದದ್ದು ನಡೆದ ಹಾಗೆ ಹೇಳಿಬಿಡಿ.”

“ಹೇಳಿದ್ರೆ ಕುರ್ಚಿ ಹೋಗುತ್ತೆ ಕಣೇ.”

“ಹೋದ್ರೆ ಹೋಗ್ಲಿ. ಸುಳ್ಳು ಹೇಳಿ ಸಿಕ್ಕಿಹಾಕ್ಕೊಂಡ್ರೆ ಆಮೇಲೆ ಭಾನುವಾರನೂ ಬರೋಕಾಗಲ್ಲ ನೋಡಿ,” ಎಂದು ಫೋನಿಟ್ಟಳು. ಹೆಂಡಂದಿರು ಬೆಳಿಗ್ಗೆಯೇ ಹೇಳುವ ಸರಿಯಾದ ಮಾತು ಗಂಡಂದಿರಿಗೆ ಸಂಜೆ ಅರ್ಥವಾಗುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ.

ತೊಟ್ಟಿಯಪ್ಪ ಟೋಪಿಯನ್ನು ತೆಗೆದು ಗೋಡೆಯ ಬಿಳಿ ಡಬ್ಬಿಗೆ ನೇತುಹಾಕಿದ. ಹೋದ ತಿಂಗಳು ಯಾರೋ ಬಂದು ಆ ಡಬ್ಬಿಯನ್ನು ಗೋಡೆಗೆ ಬಡಿದು ಕೂರಿಸಿ, ವೈರು ಚುಚ್ಚಿ, ಏನೆಂದು ಹೇಳದೆ ಹೋಗಿದ್ದರು. ಅದರಲ್ಲೊಂದು ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಟೋಪಿ ಹಾಕಿದರೆ ಮಿಣಮಿಣ ಕಾಣುವುದಿಲ್ಲ, ಅವನಿಗೆ ಅದಕ್ಕಿಂತ ಹೆಚ್ಚಿನ ಉಪಯೋಗ ತೋಚಿರಲಿಲ್ಲ.

ಆಮೇಲೆ ಒಂದು ಹಲಗೆಯನ್ನು ತೊಟ್ಟಿಯ ಮೇಲೆ ಅಡ್ಡಲಾಗಿ ಇಟ್ಟ. ಹಲಗೆಯ ಎರಡು ತುದಿಯೂ ತೊಟ್ಟಿಗೆ ತಾಗದೆ ಹೊರಗಿನ ಇಟ್ಟಿಗೆಗಳ ಮೇಲಿದ್ದವು. ಇಲ್ಲದಿದ್ದರೆ ಅವನ ತೂಕವೂ ಗೆರೆಗೆ ಸೇರಿಬಿಡುತ್ತಿತ್ತು. ಅದರ ಮೇಲೆ ಹೊಟ್ಟೆ ಊರಿ ಮಲಗಿ, ಟವೆಲನ್ನು ಮಣ್ಣಿಗೆ ಒತ್ತಿ, ಹಿಂಡಿ, ಮತ್ತೆ ಒತ್ತಿದ. ಒಂದು ಸಲ ಹಿಂಡಿದರೆ ನಾಲ್ಕು ಹನಿ ಬರುತ್ತಿತ್ತು. ಬೇಲಿಯಾಚೆಯಿಂದ ದೊಡ್ಡಮ್ಮ, “ಆ ಕಡೆ ಇನ್ನೂ ಸ್ವಲ್ಪ ಸುರಿದಿದ್ದೆ ಕಣಪ್ಪ, ಆ ಅಂಚಿಗೆ ಒತ್ತು,” ಎಂದು ಪ್ರಾಮಾಣಿಕವಾಗಿ ಸಹಕರಿಸುತ್ತಿದ್ದರು.

“ಏನ್ ಸಾರ್, ಹೊಲ ಒರೆಸ್ತಾ ಇದ್ದೀರಾ?”

ತಲೆಯೆತ್ತಿದರೆ ಸಲೂನಿನ ಯಜಮಾನ. ಅವನ ಅಂಗಡಿ ದೊಡ್ಡಮ್ಮನ ಮನೆಯ ಮುಂಭಾಗದಲ್ಲಿತ್ತು, ಬಾಯಿ ಮಾತ್ರ ಓಣಿಯ ತುಂಬ ಇತ್ತು. ಕತ್ತರಿ ಹಿಡಿದ ಕೈಗೆ ಕೆಲಸವಿಲ್ಲದ ಹೊತ್ತಿನಲ್ಲಿ ಮೂಗಿಗೆ ಕೆಲಸ ಕೊಡುವ ಮನುಷ್ಯ ಅವನು. ದೊಡ್ಡಮ್ಮ ಎರಡು ಮಾತಿನಲ್ಲಿ ಕತೆ ಹೇಳಿದರು.

“ಇಷ್ಟೇನಾ? ಒದ್ದೆ ತಲೆ ಒಣಗಿಸೋನು ಒದ್ದೆ ಮಣ್ಣು ಒಣಗಿಸೋಕಾಗಲ್ವಾ? ತಾಳಿ ಸಾರ್, ಬಂದೆ.”

“ಬೇಡ, ಬೇಡ” ಎಂದು ತೊಟ್ಟಿಯಪ್ಪ ಹಲಗೆಯಿಂದ ಏಳುವಷ್ಟರಲ್ಲಿ ಅವನು ಕೂದಲು ಒಣಗಿಸುವ ಡ್ರೈಯರ್ ಹಿಡಿದು ಪ್ರತ್ಯಕ್ಷನಾಗಿದ್ದ. ದೊಡ್ಡಮ್ಮನ ಅಡುಗೆಮನೆಯಿಂದ ಉದ್ದನೆಯ ವೈರು ಎಳೆದಾಗಿತ್ತು. ಬೇಲಿ ದಾಟಿದವನೇ ಗಿಡಗಳ ಸಾಲಿನ ನಡುವೆ ಎರಡೂ ಕಾಲನ್ನು ಊರಿ ಕೂತ, ಡ್ರೈಯರಿನ ಗುಂಡಿ ಒತ್ತಿದ. ಸೂರ್ಯಕಾಂತಿಗಳ ತಲೆ ಹಿಂದಕ್ಕೆ ಹಾರಿತು. ಅವನ ಬಾಯಿಂದ ಅಭ್ಯಾಸಬಲದಿಂದ, “ಸ್ವಲ್ಪ ತಲೆ ಬಗ್ಗಿಸಿ” ಎಂಬ ಮಾತೂ ಬಂತು.

“ರೀ! ತೊಟ್ಟಿ ಮೇಲೆ ಕೂತಿದ್ದೀರಲ್ರೀ!” ಎಂದು ಕಿರುಚಿ ತೊಟ್ಟಿಯಪ್ಪ ಕೋಣೆಗೆ ಓಡಿದ. ಗೆರೆ ಪರದೆಯ ಮಾಳಿಗೆ ಹತ್ತಿ ಕೂತಿತ್ತು. ಪಕ್ಕದಲ್ಲಿ ಎಂಬತ್ತನಾಲ್ಕು ಕಿಲೋ ಏರಿಕೆ ಎಂದು ತೋರಿಸುತ್ತಿತ್ತು.

“ಏಳ್ರೀ ಮೇಲೆ! ಎಂಬತ್ತನಾಲ್ಕು ಕಿಲೋ ಏರಿದೆ!” ಎಂದು ಅಲ್ಲಿಂದಲೇ ಕೂಗಿದ.

ಡ್ರೈಯರ್ ನಿಂತಿತು. “ಎಷ್ಟು?”

“ಎಂಬತ್ತನಾಲ್ಕು!”

“ಅಂದ್ರೆ ಇದು ತಕ್ಕಡಿನಾ?” ಸಲೂನಿನ ಯಜಮಾನ ಎದ್ದುನಿಂತ. “ಮೊದಲೇ ಹೇಳೋದಲ್ವಾ! ಆದ್ರೆ ಸುಳ್ಳು ತಕ್ಕಡಿ ಸಾರ್ ಇದು. ಇವತ್ತು ಬೆಳಿಗ್ಗೆ ಹಾಲು ತರೋಕೆ ಹೋದಾಗ ಕಿರಾಣಿ ಅಂಗಡಿಯ ತೂಕದ ಯಂತ್ರದ ಮೇಲೆ ನಿಂತಿದ್ದೆ. ಎಪ್ಪತ್ತೆಂಟು. ದಿನಾ ನಿಲ್ತೀನಿ. ಒಂದು ಹಾಲಿನ ಪ್ಯಾಕೆಟ್ಟಿಗೆ ಯಾರಾದ್ರೂ ಆರು ಕಿಲೋ ಊದ್ಕೊಳ್ತಾರಾ?”

ತೊಟ್ಟಿಯಪ್ಪನ ತಲೆಯಲ್ಲಿ ಒಂದು ದೀಪ ಹೊತ್ತಿಕೊಂಡಿತು. ಯಂತ್ರವೇ ಕೆಟ್ಟಿದ್ದರೆ? ಕೆಟ್ಟ ಯಂತ್ರದ ಗೆರೆ ಹೇಗೆ ಬೇಕಾದರೂ ನೆಗೆಯಬಹುದು. ನೀರಿನ ಮಾತೇ ಎತ್ತಬೇಕಾಗಿಲ್ಲ. ಬೆಳಿಗ್ಗೆಯಿಂದ ಯಂತ್ರ ಹುಚ್ಚುಹುಚ್ಚಾಗಿ ಆಡುತ್ತಿದೆ ಮೇಡಂ, ವಾರವೆಲ್ಲ ಸರಿಯಾಗಿತ್ತು ನೋಡಿ, ಎಂದರೆ ಮುಗಿಯಿತು.

“ನಿಜವಾಗ್ಲೂ ಎಪ್ಪತ್ತೆಂಟೇನಾ?” ಎಂದು ಆಸೆಯಿಂದ ಕೇಳಿದ.

“ಬೇಕಾದ್ರೆ ಅಂಗಡಿ ಯಜಮಾನ್ರನ್ನೇ ಕರೀತೀನಿ.”

ಕರೆದದ್ದು ಅಂಗಡಿ ಯಜಮಾನರನ್ನು, ಬಂದದ್ದು ಅರ್ಧ ಓಣಿ. ಹೊಲದಲ್ಲಿ ಪುಕ್ಕಟೆ ತೂಕದ ಯಂತ್ರವಿದೆ ಎಂಬ ಸುದ್ದಿ ಸಲೂನಿನ ಯಜಮಾನನ ಬಾಯಿಂದ ಹೊರಟರೆ ಇನ್ನೇನಾಗುತ್ತದೆ? ದರ್ಜಿ ತನ್ನ ಹೆಂಡತಿಯನ್ನು ಕರೆತಂದ. “ಊರವರ ಅಳತೆಯೆಲ್ಲ ತೆಗೀತೀರಾ, ನನ್ನ ತೂಕ ಕೇಳೋಕೆ ನಿಮಗೇನು ಅಧಿಕಾರ?” ಎಂದು ಆಕೆ ತಾನು ಹತ್ತದೆ ಅವನನ್ನೇ ತೊಟ್ಟಿಗೆ ಹತ್ತಿಸಿದಳು. ಯಾರೋ ಮೊಮ್ಮಗುವನ್ನು ನಿಲ್ಲಿಸಿದರು. ಇನ್ಯಾರೋ ಗ್ಯಾಸ್ ಸಿಲಿಂಡರನ್ನೇ ಉರುಳಿಸಿಕೊಂಡು ಬಂದರು. ಪರದೆಯ ಮೇಲೆ ಗೆರೆ ಏಳುತ್ತಾ ಬೀಳುತ್ತಾ ಕುಣಿಯುತ್ತಿತ್ತು. ತೊಟ್ಟಿಯಪ್ಪ ಕೋಣೆಗೂ ತೊಟ್ಟಿಗೂ ನಡುವೆ ಓಡಿ ಓಡಿ ಬೆವರಿನಲ್ಲಿ ತೊಯ್ದುಹೋಗಿದ್ದ.

ಕೊನೆಗೆ ಕಿರಾಣಿ ಅಂಗಡಿಯ ಯಜಮಾನರು ಗಂಭೀರವಾಗಿ ಬಂದರು. ಮೂರು ತಲೆಮಾರಿನ ಅಂಗಡಿ. ತೂಕದ ವಿಷಯದಲ್ಲಿ ಅವರನ್ನು ಕೆಣಕಿದವರಿಲ್ಲ.

“ನನ್ನ ಯಂತ್ರ ಸುಳ್ಳು ಅಂದೋರು ಯಾರು?”

“ನಿಮ್ಮದಲ್ಲ ಯಜಮಾನ್ರೇ, ಇದು ಸುಳ್ಳು ಅಂತ ನಾವು ಹೇಳ್ತಿರೋದು,” ಎಂದ ತೊಟ್ಟಿಯಪ್ಪ. “ದಯವಿಟ್ಟು ಇದು ಸುಳ್ಳು ಅಂತ ತೋರಿಸಿಕೊಡಿ. ನಿಮಗೆ ಪುಣ್ಯ ಬರುತ್ತೆ.”

ತನ್ನ ನೌಕರಿಯ ಯಂತ್ರವನ್ನೇ ಸುಳ್ಳು ಮಾಡಿಸಲು ಕೈಮುಗಿಯುವ ನೌಕರನನ್ನು ಅವರು ಕಂಡಿರಲಿಲ್ಲ. ಆದರೂ ಮರ್ಯಾದೆಯ ಪ್ರಶ್ನೆ. ಹಿಂದೆ ತಿರುಗಿ ಕೈಬೀಸಿದರು. ತಳ್ಳುಗಾಡಿಯೊಂದು ಬಂತು. ಅದರಲ್ಲಿ ಅವರ ತಾತನ ಕಾಲದ ಕಬ್ಬಿಣದ ತೂಕದ ಕಲ್ಲುಗಳು, ಒಂದೊಂದೂ ಇಪ್ಪತ್ತು ಕಿಲೋ, ಒಂದೊಂದರ ಮೇಲೂ ಸರ್ಕಾರದ ಮುದ್ರೆ. ಕರೆಂಟಿನ ಯಂತ್ರ ಬಂದ ಮೇಲೆ ಅವು ಅಂಗಡಿಯಲ್ಲಿ ಬಾಗಿಲಿಗೆ ಒತ್ತಿಡಲು ಬಳಕೆಯಾಗುತ್ತಿದ್ದವು.

“ಎಲ್ಲರೂ ಕೆಳಗಿಳೀರಿ,” ಎಂದರು. “ಇದು ಮಕ್ಕಳಾಟ ಅಲ್ಲ.” ಎಲ್ಲರೂ ಇಳಿದರು. ತೊಟ್ಟಿಯಪ್ಪ ಕೋಣೆಯ ಕಿಟಕಿಯಲ್ಲಿ ಪರದೆಗೆ ಕಣ್ಣು ನೆಟ್ಟು ನಿಂತ. ಅಂಗಡಿ ಯಜಮಾನರು ಮೊದಲ ಕಲ್ಲನ್ನು ತೊಟ್ಟಿಯಲ್ಲಿ ಇಟ್ಟು, ಕೈ ತೆಗೆದು, ಕೂಗಿದರು.

“ಎಷ್ಟು?”

“ಇಪ್ಪತ್ತು,” ಎಂದ ತೊಟ್ಟಿಯಪ್ಪ.

ಎರಡನೆಯದು. “ಎಷ್ಟು?”

“ನಲವತ್ತು.” ದನಿ ಸ್ವಲ್ಪ ತಗ್ಗಿತು.

ಕಲ್ಲಿನ ಮೇಲೆ ಕಲ್ಲು ಬಿತ್ತು. ಅರವತ್ತು, ಎಂಬತ್ತು, ನೂರು. ಒಂದು ಕೂದಲೆಳೆಯಷ್ಟೂ ಆಚೆಯಿಲ್ಲ, ಈಚೆಯಿಲ್ಲ. ಯಂತ್ರ ಕೆಟ್ಟಿರಲಿ ಎಂದು ಅವನು ಬೇಡಿಕೊಂಡಷ್ಟೂ ಅದು ಸತ್ಯವನ್ನೇ ಹೇಳುತ್ತಿತ್ತು. ಅಂಗಡಿ ಯಜಮಾನರು ನಂಬದೆ ಒಂದೊಂದೇ ಕಲ್ಲನ್ನು ಇಳಿಸಿ ನೋಡಿದರು. ಗೆರೆಯೂ ಒಂದೊಂದೇ ಮೆಟ್ಟಿಲು ಇಳಿಯಿತು. ಕೊನೆಯ ಕಲ್ಲು ತೆಗೆದಾಗ ಸೊನ್ನೆ.

ತೊಟ್ಟಿಯಪ್ಪ ತಲೆಯ ಮೇಲೆ ಕೈ ಹೊತ್ತು ಕಿಟಕಿಯಲ್ಲಿ ಕುಸಿದ. ಆಚೆ ಸಲೂನಿನ ಯಜಮಾನ ತನ್ನ ಹೊಟ್ಟೆಯನ್ನು ಮೆಲ್ಲನೆ ಮುಟ್ಟಿಕೊಂಡ. “ಹಾಗಾದ್ರೆ ನಾನು ಎಂಬತ್ತನಾಲ್ಕೇನಾ?”

ಅಂಗಡಿ ಯಜಮಾನರಿಗೆ ಅದಕ್ಕಿಂತ ದೊಡ್ಡ ಏಟು ಬಿದ್ದಿತ್ತು. ಕಲ್ಲಿನ ಮೇಲೆ ಕೂತುಬಿಟ್ಟರು. “ತಾಳಿ, ತಾಳಿ. ಎಂಬತ್ತನಾಲ್ಕರ ಆಸಾಮಿನ ನನ್ನ ಯಂತ್ರ ಎಪ್ಪತ್ತೆಂಟು ಅಂತ ತೋರಿಸ್ತು ಅಂದ್ರೆ... ನಾನು ಇಷ್ಟು ವರ್ಷದಿಂದ ಎಲ್ಲರಿಗೂ ಜಾಸ್ತಿ ತೂಗಿ ಕೊಡ್ತಾ ಬಂದಿದ್ದೀನಾ?”

ಓಣಿಯವರೆಲ್ಲ ಒಮ್ಮೆಲೇ ಆಕಾಶ ನೋಡಿದರು. ದೊಡ್ಡಮ್ಮ ಮಾತ್ರ ಸಮಾಧಾನ ಹೇಳುವ ದನಿಯಲ್ಲಿ, “ಅದಕ್ಕೇ ಕಣಪ್ಪ ನಾವ್ಯಾರೂ ಬೇರೆ ಅಂಗಡಿಗೆ ಹೋಗದೇ ಇರೋದು,” ಎಂದರು.

ಆಗಲೇ ಗೇಟಿನ ಬಳಿ ಜೀಪಿನ ಹಾರನ್ನು ಕೇಳಿಸಿತು. ಸಂಜೆ ಬರಬೇಕಾದ ಮೇಡಂ ಬಿಸಿಲು ನೆತ್ತಿಗೇರುವ ಮೊದಲೇ ಬಂದಿದ್ದರು. ಓಣಿ ಕಾಲಿಗೆ ಬುದ್ಧಿ ಹೇಳಿತು. ದರ್ಜಿಯ ಚಪ್ಪಲಿ ಒಂದು ಅಲ್ಲೇ ಉಳಿಯಿತು. ಉಳಿದವರು ಮೂವರೇ: ಕಲ್ಲಿನ ಮೇಲೆ ಕೂತು ಏಳಲಾಗದ ಅಂಗಡಿ ಯಜಮಾನರು, ವೈರು ಕಾಲಿಗೆ ಸುತ್ತಿಕೊಂಡು ಓಡಲಾಗದ ಸಲೂನಿನ ಯಜಮಾನ, ತಪ್ಪೊಪ್ಪಿಕೊಂಡೇ ತೀರುತ್ತೇನೆಂದು ಸೊಂಟಕ್ಕೆ ಸೆರಗು ಸಿಕ್ಕಿಸಿದ ದೊಡ್ಡಮ್ಮ.

ಮೇಡಂ ಚುಟುಕಾದ ಹೆಂಗಸು, ಚುಟುಕಾದ ಮಾತು. ಡ್ರೈಯರನ್ನೂ ಚಪ್ಪಲಿಯನ್ನೂ ನೋಡಿದರು, ಏನೂ ಕೇಳಲಿಲ್ಲ. ನೇರವಾಗಿ ಕೋಣೆಗೆ ಹೋಗಿ ಪರದೆಯ ಮುಂದೆ ಕೂತರು. ಕನ್ನಡಕ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಹಿಂದೆ ನಿಂತ ತೊಟ್ಟಿಯಪ್ಪನ ಪ್ರಾಣ ಬಾಯಿಗೆ ಬಂದಿತ್ತು. ಕಿಟಕಿಯಾಚೆ ಮೂರು ಮುಖಗಳು ಸಾಲಾಗಿ ಅಂಟಿಕೊಂಡಿದ್ದವು.

“ಈ ಕುಣಿತ ಹಾಗಿರಲಿ, ಈ ಮೆಟ್ಟಿಲುಗಳು ಏನು?” ಮೇಡಂ ಬೆರಳಿಟ್ಟರು. “ಇಪ್ಪತ್ತು, ನಲವತ್ತು, ಅರವತ್ತು. ಆಮೇಲೆ ಹಾಗೇ ಇಳಿದಿದೆ.”

“ತೂಕದ ಕಲ್ಲು ಮೇಡಂ,” ಎಂದ ಅವನ ಬಾಯಿ, ಅವನನ್ನು ಕೇಳದೆ. “ಸರ್ಕಾರಿ ಮುದ್ರೆ ಇರೋದು.”

ಮೇಡಂ ಕುರ್ಚಿಯಲ್ಲೇ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ಬೀಗದ ಕೈ ಸಿಕ್ಕವರ ಹಾಗೆ ಕಾಣುತ್ತಿದ್ದರು. “ಗೊತ್ತಿರೋ ತೂಕ ಇಟ್ಟು, ತೆಗೆದು, ಯಂತ್ರ ಸರಿಯಾಗಿದೆಯಾ ಅಂತ ನೋಡಬೇಕು. ಪ್ರತಿ ವರ್ಷ ಮಾಡಬೇಕಾದ ಕೆಲಸ ಇದು. ತೊಟ್ಟಿ ಹೂತಾಗಿನಿಂದ ಒಬ್ಬರೂ ಮಾಡಿರಲಿಲ್ಲ. ನಿಮ್ಮ ಯಂತ್ರ ಸರಿ ಇದೆ ಅನ್ನೋಕೆ ಏನು ಆಧಾರ ಅಂತ ಹೊರಗಿನವರು ಕೇಳಿದ್ರೆ ನಮ್ಮ ಹತ್ರ ಉತ್ತರ ಇರಲಿಲ್ಲ. ಇಲ್ಲಿಯ ಅಷ್ಟೂ ಲೆಕ್ಕ ಕಸದ ಬುಟ್ಟಿಗೆ ಹೋಗೋದರಲ್ಲಿತ್ತು. ಇದನ್ನ ಮಾಡೋಕೆ ನಿಮಗೆ ಹೇಳಿದ್ದು ಯಾರು?”

ಇಲ್ಲಿ ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ತೊಟ್ಟಿಯಪ್ಪನ ಕತೆ ಬೇರೆಯಾಗುತ್ತಿತ್ತು. ಆದರೆ ಹೊಗಳಿಕೆ ಬಾಗಿಲು ತಟ್ಟಿದಾಗ ಚಿಲಕ ತೆಗೆಯದವರು ಯಾರು?

“ಯಾರೂ ಹೇಳಿಲ್ಲ ಮೇಡಂ. ನಾನೇ ಯೋಚನೆ ಮಾಡಿ ಮಾಡಿಸಿದೆ.”

ಕಿಟಕಿಯಲ್ಲಿ ಅಂಗಡಿ ಯಜಮಾನರ ಬಾಯಿ ತೆರೆದುಕೊಂಡಿತು. ಸಲೂನಿನ ಯಜಮಾನ ಅವರ ಕಾಲು ತುಳಿದ.

“ಮತ್ತೆ ಬೆಳಿಗ್ಗೆ ಈ ನೆಗೆತ?”

“ಅಮ್ಮಾ, ಅದು ನಾನೇ...” ಎಂದು ದೊಡ್ಡಮ್ಮ ಕಿಟಕಿಯಿಂದ ಶುರುಮಾಡಿದರು.

“ನಾನೇ ಹಾಕಿಸಿದ್ದು!” ತೊಟ್ಟಿಯಪ್ಪ ಅಡ್ಡಬಾಯಿ ಹಾಕಿದ. “ಒಂದು ಕೊಡ ನೀರು ಅಳೆದು ಹಾಕಿಸಿದೆ ಮೇಡಂ. ಪರೀಕ್ಷೆ ಕಲ್ಲಿಂದಲೂ ಆಗ್ಲಿ, ನೀರಿಂದಲೂ ಆಗ್ಲಿ ಅಂತ.”

ದೊಡ್ಡಮ್ಮ ಅವನನ್ನೇ ನೋಡಿದರು. ತಮ್ಮ ತಪ್ಪನ್ನು ಈ ಹುಡುಗ ತನ್ನ ತಲೆಯ ಮೇಲೆ ಹೊತ್ತುಕೊಂಡನಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನು ಈ ಜನ್ಮದಲ್ಲಿ ಆ ತೊಟ್ಟಿಗೆ ಹನಿ ನೀರು ಹಾಕುವುದಿಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಆಣೆ ಇಟ್ಟುಕೊಂಡರು.

ಮೇಡಂ ಕೊಡ ತರಿಸಿ, ನೀರು ತುಂಬಿಸಿ ತೂಗಿಸಿ, ಖಾಲಿ ಮಾಡಿ ತೂಗಿಸಿದರು. ಬೆಳಗಿನ ನೆಗೆತಕ್ಕೂ ಕೊಡದ ನೀರಿಗೂ ಸರಿಹೋಯಿತು. “ಎಷ್ಟು ಹಾಕಿದ್ದು ಅಂತ ಗೊತ್ತಿದ್ರೆ ಕಳೆದುಬಿಡಬಹುದು. ಏನೂ ಕೆಟ್ಟಿಲ್ಲ,” ಎಂದು ಎದ್ದುನಿಂತು ತೊಟ್ಟಿಯಪ್ಪನ ಕೈ ಕುಲುಕಿದರು. ಮುಖ್ಯ ಕಚೇರಿಯಲ್ಲಿ ಮೇಡಂ ಯಾರ ಕೈಯನ್ನೂ ಕುಲುಕಿದ ದಾಖಲೆಯಿರಲಿಲ್ಲ. ತೊಟ್ಟಿಯಪ್ಪ ಉಬ್ಬಿಹೋದ. ಕೇಳುವುದಿದ್ದರೆ ಈಗಲೇ ಕೇಳಬೇಕು.

“ಮೇಡಂ, ಮುಖ್ಯ ಕಚೇರಿಯಲ್ಲಿ ಕುರ್ಚಿ ಖಾಲಿ ಇದೆ ಅಂತ...”

“ಇತ್ತು. ಎರಡಿತ್ತು.” ಮೇಡಂ ನಗತೊಡಗಿದರು. “ಒಂದು ಆ ಮೇಕೆಯವನಿಗೆ ಕೊಟ್ಟಾಯ್ತು. ಅವನನ್ನ ಇನ್ನು ಯಾವ ತೊಟ್ಟಿ ಹತ್ರಾನೂ ಬಿಡೋ ಹಾಗಿಲ್ಲ. ಕೆಲಸದಿಂದ ತೆಗೆಯೋಕಂತೂ ಆಗಲ್ಲ. ಕುರ್ಚಿ ಮೇಲೆ ಕೂರಿಸಿಬಿಟ್ರೆ ಹೊಲ ಆದ್ರೂ ಉಳಿಯುತ್ತೆ. ಆ ಕುರ್ಚಿಗಳು ಇರೋದೇ ಅಂಥವರಿಗೆ.”

“ಇನ್ನೊಂದು?” ಅವನ ದನಿ ಅವನಿಗೇ ಕೇಳಿಸಲಿಲ್ಲ.

ಮೇಡಂ ಗೋಡೆಯ ಬಿಳಿ ಡಬ್ಬಿಯ ಮೇಲಿದ್ದ ಟೋಪಿಯನ್ನು ಎತ್ತಿ ಅವನ ತಲೆಗಿಟ್ಟರು. ಹಸಿರು ದೀಪ ಮಿಣಮಿಣ ಎಂದಿತು. “ಈ ಡಬ್ಬಿ ಇರೋದ್ರಿಂದ ಇಲ್ಲಿ ಗೆರೆ ಮೂಡಿದ್ದು ಕಚೇರಿಯಲ್ಲೂ ಮೂಡುತ್ತೆ. ಬೆಳಿಗ್ಗೆ ಕಚೇರಿಗೆ ಬಂದೋಳೇ ಈ ನೆಗೆತ ನೋಡಿದೆ. ಇವನೂ ಕೆಡಿಸಿದ ಅಂದ್ಕೊಂಡೆ. ಇನ್ನೊಂದು ಕುರ್ಚಿಗೆ ನಿಮ್ಮನ್ನ ಇವತ್ತೇ ಕರ್ಕೊಂಡು ಹೋಗೋಣ ಅಂತ ಬೇಗ ಹೊರಟೆ. ನಿಮ್ಮ ಪೆಟ್ಟಿಗೆ ಹಾಸಿಗೆಗೆ ಜಾಗ ಇರಲಿ ಅಂತ ಜೀಪಿನ ಹಿಂದಿನ ಸೀಟನ್ನೂ ಖಾಲಿ ಮಾಡಿಸಿದ್ದೆ ನೋಡಿ! ಎಂಥ ತಪ್ಪು ಆಗ್ತಿತ್ತು!”

ತೊಟ್ಟಿಯಪ್ಪ ಕಿಟಕಿಯಾಚೆ ನೋಡಿದ. ಜೀಪಿನ ಹಿಂದಿನ ಸೀಟು ಖಾಲಿಯಿತ್ತು. ಒಬ್ಬ ಮನುಷ್ಯ, ಒಂದು ಪೆಟ್ಟಿಗೆ, ಒಂದು ಹಾಸಿಗೆ ಸುಖವಾಗಿ ಕೂರುವಷ್ಟು ಖಾಲಿಯಿತ್ತು.

“ಮೇಡಂ, ನಿಜ ಹೇಳಿಬಿಡ್ತೀನಿ,” ಎಂದ ಒಂದೇ ಉಸಿರಿಗೆ. ಹೆಂಡತಿಯ ಮಾತು ಈಗ ಅರ್ಥವಾಗಿತ್ತು. “ನಾನು ಯಾವ ಪರೀಕ್ಷೆನೂ ಮಾಡಿಲ್ಲ. ನೀರು ದೊಡ್ಡಮ್ಮ ಹಾಕಿದ್ದು, ನನಗೆ ಗೊತ್ತೇ ಇರಲಿಲ್ಲ. ಕಲ್ಲು ಅಂಗಡಿ ಯಜಮಾನ್ರದ್ದು. ಯಂತ್ರ ಕೆಟ್ಟಿದೆ ಅಂತ ಸುಳ್ಳು ಹೇಳೋಣ ಅಂತಿದ್ದೆ. ನಾನು ಆ ಮೇಕೆಯವನಿಗಿಂತ ದಂಡ ಮೇಡಂ!”

ಮೇಡಂ ಕಿಟಕಿಯತ್ತ ತಿರುಗಿದರು. “ಹೌದೇನಮ್ಮ? ನೀವಾಗಿಯೇ ನೀರು ಹಾಕಿದ್ರಾ?”

ದೊಡ್ಡಮ್ಮ ತನಗೋಸ್ಕರ ಸುಳ್ಳು ಹೇಳಿದ ಹುಡುಗನನ್ನು ಕೈಬಿಡುವವರಲ್ಲ. “ಛೆ ಛೆ! ಅವನು ಹೇಳಿಕೊಟ್ಟ ಹಾಗೇ ಹಾಕಿದ್ದು ತಾಯಿ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಬೆಳಿಗ್ಗೆಯಿಂದ ಊಟನೂ ಮಾಡಿಲ್ಲ ಪಾಪ.” ಸಲೂನಿನ ಯಜಮಾನ, “ಹಲಗೆ ಮೇಲೆ ಮಲಗಿ ಮಣ್ಣು ಕೂಡ ಒರೆಸ್ತಿದ್ರು ಮೇಡಂ, ಇಂಥವರು ಸಿಗಲ್ಲ,” ಎಂದು ಸೇರಿಸಿದ. ಅಂಗಡಿ ಯಜಮಾನರೂ ದುಃಖದ ನಡುವೆ ತಲೆಯಾಡಿಸಿದರು.

“ನೋಡಿದ್ರಾ, ಕೆಲಸವೂ ಇದೆ, ವಿನಯವೂ ಇದೆ,” ಎಂದರು ಮೇಡಂ. “ನಾನು ಇರೋವರೆಗೂ ನಿಮ್ಮನ್ನ ಈ ತೊಟ್ಟಿ ಬಿಟ್ಟು ಕದಲಿಸಲ್ಲ. ಆ ಕುರ್ಚಿಗೆ ಬೇರೆ ಯಾರಾದ್ರೂ ಕೆಡಿಸೋವ್ರು ಸಿಕ್ಕೇ ಸಿಗ್ತಾರೆ.”

ಬೇರೆ ತೊಟ್ಟಿಗಳನ್ನೂ ಹೀಗೇ ಪರೀಕ್ಷೆ ಮಾಡಿಸಬೇಕೆಂದು ಮೇಡಂ ಅಂಗಡಿ ಯಜಮಾನರ ಕಲ್ಲುಗಳನ್ನು ಎರವಲು ಕೇಳಿದರು. ಡ್ರೈವರು ಅವನ್ನು ಒಂದೊಂದಾಗಿ ಜೀಪಿನ ಹಿಂದಿನ ಸೀಟಿನ ಮೇಲೆ ಸಾಲಾಗಿ ಕೂರಿಸಿದ. ಪಟ್ಟಣಕ್ಕೆ ಹೊರಟ ಆ ಕಲ್ಲುಗಳನ್ನು ತೊಟ್ಟಿಯಪ್ಪ ಗೇಟಿನಲ್ಲಿ ನಿಂತು ಕಣ್ಣು ತುಂಬಿಕೊಂಡು ನೋಡಿದ. ಅವನಿಗೆ ಕಬ್ಬಿಣದ ಮೇಲೆ ಹೊಟ್ಟೆಕಿಚ್ಚು ಬಂದದ್ದು ಅದೇ ಮೊದಲು.

ಸಂಜೆ ಮಗಳ ಫೋನು ಬಂತು. “ಅಪ್ಪಾ, ನಾಳೆ ನನ್ನನ್ನ ಸ್ಕೂಲಿಗೆ ಬಿಡೋಕೆ ಬರ್ತೀಯಾ?”

“ಭಾನುವಾರ ಬರ್ತೀನಿ ಪುಟ್ಟಾ.”

“ಭಾನುವಾರ ಸ್ಕೂಲೇ ಇರಲ್ಲಪ್ಪ,” ಎಂದಳು ಮಗಳು, ದಡ್ಡನಿಗೆ ಪಾಠ ಹೇಳುವವರ ತಾಳ್ಮೆಯಿಂದ.

ತೊಟ್ಟಿಯಪ್ಪ ಫೋನಿಟ್ಟು ಪರದೆಯ ಕಡೆ ತಿರುಗಿದ. ಆಮೇಲೆ ಅವನ ಮುಖದಲ್ಲಿ ಬೆಳಕು ಮೂಡಿತು. ಕುರ್ಚಿ ಇನ್ನೂ ಖಾಲಿಯೇ ಇದೆಯಲ್ಲ! ಗೆರೆ ಇನ್ನೊಂದು ಸಲ ಕೆಟ್ಟರೆ ಸಾಕಲ್ಲ! ಬಿಳಿ ಡಬ್ಬಿಯ ದೀಪ ಚೆನ್ನಾಗಿ ಮಿಣುಕುತ್ತಿದೆಯೇ ಎಂದು ನೋಡಿದ, ಕೊಡ ತುಂಬಿಸಿದ, ಹೆಗಲಿಗೇರಿಸಿದ, ಕಳ್ಳಹೆಜ್ಜೆ ಇಡುತ್ತಾ ತೊಟ್ಟಿಯ ಕಡೆ ಹೊರಟ.

ಬೇಲಿಯ ಪಕ್ಕ ದೊಡ್ಡಮ್ಮ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಕೋಲು ಇಟ್ಟುಕೊಂಡು ಕೂತಿದ್ದರು.

“ಯಾರೋ ಅದು, ಕೊಡ ಇಳಿಸೋ ಕೆಳಗೆ!” ಎಂದು ಗುಡುಗಿದರು. ಹತ್ತಿರ ಬಂದವನ ಗುರುತು ಹತ್ತಿದ ಮೇಲೆ ದನಿ ಮೆತ್ತಗಾಯಿತು. “ನೀನಾ? ಕತ್ತಲಾಗ್ತಾ ಬಂತು, ಹೋಗಿ ಊಟ ಮಾಡಿ ಮಲಗಪ್ಪ. ನನ್ನಿಂದ ಇನ್ನು ನಿನಗೆ ತೊಂದರೆ ಆಗೋಕೆ ಬಿಡಲ್ಲ. ನಾನು ಬದುಕಿರೋವರೆಗೂ ಈ ತೊಟ್ಟಿಗೆ ಯಾವ ನರಪಿಳ್ಳೆನೂ ಒಂದು ಹನಿ ನೀರು ಹಾಕಲ್ಲ, ನೀನು ನಿಶ್ಚಿಂತೆಯಾಗಿರು.”